ಭಾನುವಾರ ರಾತ್ರಿ ಕೆಂಪು ಚಂದ್ರ: ಮಲೆನಾಡಿನ ಮೋಡ ದಾರಿ ಬಿಟ್ಟರೆ 82 ನಿಮಿಷ ನೋಡಬಹುದು

ಸಾಗರ: ಚೌತಿ ದಿನ ಚಂದ್ರನ ಮುಖ ನೋಡಬಾರದು ಅಂತ ತಲೆ ತಗ್ಗಿಸಿ ಓಡಾಡಿದವರೇ ಈಗ ಅದೇ ಚಂದ್ರನಿಗಾಗಿ ಆಕಾಶ ನೋಡುವ ಹಾಗಾಗಿದೆ. ಇದೇ ಭಾನುವಾರ, ಸೆಪ್ಟೆಂಬರ್ 7ರ ರಾತ್ರಿ ಸಂಪೂರ್ಣ ಚಂದ್ರಗ್ರಹಣ. ಶುರುವಿನಿಂದ ಕೊನೆಯವರೆಗೆ ಇಡೀ ಗ್ರಹಣ ನಮ್ಮ ತಾಲ್ಲೂಕಿನಿಂದಲೇ ಕಾಣುತ್ತದೆ. ಆದರೆ ಅದಕ್ಕೆ ಮೋಡ ಒಪ್ಪಬೇಕು.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹವ್ಯಾಸಿ ಆಕಾಶ ವೀಕ್ಷಕರಿಗೆ ಇರುವ ತಲೆನೋವು ಇದೊಂದೇ. ಬೈನಾಕ್ಯುಲರ್ ಇದೆ, ರಜೆ ದಿನ ಇದೆ, ಹುಣ್ಣಿಮೆ ಇದೆ. ಆದರೆ ಸೆಪ್ಟೆಂಬರ್ ಅಂದ್ರೆ ಮಲೆನಾಡಲ್ಲಿ ಇನ್ನೂ ಮಳೆಗಾಲವೇ. ಹಿಂದಿನ ಸಲ ಇಡೀ ಖಗ್ರಾಸ ಗ್ರಹಣ ನಮ್ಮ ಕಡೆ ಕಾಣುವ ಅವಕಾಶ ಇದ್ದದ್ದು 2018ರ ಜುಲೈ 27ರ ರಾತ್ರಿ. ಅದೂ ಮಳೆಗಾಲವೇ ಆಗಿತ್ತು.

ಈ ಸಲವೂ ತಪ್ಪಿದರೆ? 2026ರ ಮಾರ್ಚ್ 3ಕ್ಕೆ ಇನ್ನೊಂದು ಸಂಪೂರ್ಣ ಗ್ರಹಣ ಇದೆ ನಿಜ. ಆದರೆ ಅವತ್ತು ನಮ್ಮಲ್ಲಿ ಚಂದ್ರ ಹುಟ್ಟುವ ಹೊತ್ತಿಗೆ ಕೆಂಪು ಹಂತ ಮುಗಿದೇ ಹೋಗಿರುತ್ತದೆ. ಕಾಣೋದು ಬಾಲ ಮಾತ್ರ. ಸಂಪೂರ್ಣ ಗ್ರಹಣವನ್ನು ಮತ್ತೆ ಪೂರ್ತಿಯಾಗಿ ನೋಡಬೇಕು ಅಂದರೆ 2028ರ ಡಿಸೆಂಬರ್ 31ರವರೆಗೆ ಕಾಯಬೇಕು. ಮೂರು ವರ್ಷಕ್ಕೂ ಹೆಚ್ಚು. ಹಾಗಾಗಿ ಭಾನುವಾರದ ನಿದ್ದೆ ಸ್ವಲ್ಪ ಕೆಟ್ಟರೂ ಪರವಾಗಿಲ್ಲ.

ಯಾವಾಗ, ಏನು ಕಾಣುತ್ತೆ?

ಪಂಚಾಂಗ ನೋಡುವವರಿಗೆ ಈ ಹೆಸರುಗಳು ಗೊತ್ತೇ ಇರುತ್ತವೆ. ಖಗೋಳ ವಿಜ್ಞಾನಿಗಳು ಹೇಳುವ ಹಂತಗಳೂ ಇವೇ.

ಸ್ಪರ್ಶ: ರಾತ್ರಿ 9.57. ಚಂದ್ರನ ಅಂಚಿಗೆ ಕಪ್ಪು ತಾಗುತ್ತೆ.
ನಿಮೀಲನ: ರಾತ್ರಿ 11.01. ಚಂದ್ರ ಪೂರ್ತಿ ನೆರಳಿನೊಳಗೆ.
ಮಧ್ಯಕಾಲ: ರಾತ್ರಿ 11.42.
ಉನ್ಮೀಲನ: ಮಧ್ಯರಾತ್ರಿ 12.23. ಮತ್ತೆ ಬೆಳಕು ಇಣುಕುತ್ತೆ.
ಮೋಕ್ಷ: ರಾತ್ರಿ 1.26.

11.01ರಿಂದ 12.23ರವರೆಗಿನ 82 ನಿಮಿಷವೇ ಕೆಂಪು ಚಂದ್ರನ ಹೊತ್ತು. 8.58ಕ್ಕೇ ಅರೆನೆರಳು ಶುರುವಾಗುತ್ತದೆ, ಆದರೆ ಅದು ಬರಿಗಣ್ಣಿಗೆ ಸುಲಭಕ್ಕೆ ಗೊತ್ತಾಗಲ್ಲ. 9.30ರ ನಂತರ ಚಂದ್ರನ ಒಂದು ಬದಿ ಮಾಸಿದ ಹಾಗೆ ಕಂಡರೆ ಅದೇ ಅರೆನೆರಳು.

ಗ್ರಹಣದ ಮಧ್ಯಕಾಲದಲ್ಲಿ ಚಂದ್ರ ಹೆಚ್ಚುಕಮ್ಮಿ ನೆತ್ತಿಯ ಹತ್ತಿರ, ಸ್ವಲ್ಪ ದಕ್ಷಿಣಕ್ಕೆ ವಾಲಿಕೊಂಡು ಇರುತ್ತಾನೆ. ಗುಡ್ಡ ಅಡ್ಡ, ಅಡಿಕೆ ಮರ ಅಡ್ಡ ಅನ್ನೋ ಸಮಸ್ಯೆ ಇಲ್ಲ. ಮನೆ ಅಂಗಳ ಸಾಕು. ಚಂದ್ರನಿಂದ ಸ್ವಲ್ಪ ದೂರದಲ್ಲಿ ಪೂರ್ವದ ಕಡೆ ಮಿನುಗದೆ ಸ್ಥಿರವಾಗಿ ಹೊಳೆಯುವ ಚುಕ್ಕಿ ಕಂಡರೆ ಅದು ನಕ್ಷತ್ರ ಅಲ್ಲ, ಶನಿ ಗ್ರಹ.

ನೆರಳು ಕಪ್ಪಾದರೆ ಚಂದ್ರ ಕೆಂಪೇಕೆ?

ಸೂರ್ಯ ಮತ್ತು ಚಂದ್ರನ ನಡುವೆ ಭೂಮಿ ಬಂದಾಗ ಭೂಮಿಯ ನೆರಳು ಚಂದ್ರನ ಮೇಲೆ ಬೀಳುತ್ತೆ. ಇದನ್ನು ಆರ್ಯಭಟ 499ರಲ್ಲೇ ಬರೆದಿಟ್ಟಿದ್ದಾನೆ. ಪ್ರತಿ ಹುಣ್ಣಿಮೆಗೂ ಗ್ರಹಣ ಆಗಲ್ಲ, ಯಾಕೆಂದರೆ ಚಂದ್ರ ಸುತ್ತುವ ದಾರಿ ಸುಮಾರು 5 ಡಿಗ್ರಿ ಓರೆಯಾಗಿದೆ. ಬಹಳ ಸಲ ಚಂದ್ರ ನೆರಳಿನ ಮೇಲಿಂದಲೋ ಕೆಳಗಿಂದಲೋ ತಪ್ಪಿಸಿಕೊಂಡು ಹೋಗುತ್ತಾನೆ. ಈ ಎರಡು ದಾರಿಗಳು ಒಂದನ್ನೊಂದು ದಾಟುವ ಜಾಗಗಳಿಗೇ ನಮ್ಮ ಜ್ಯೋತಿಷದಲ್ಲಿ ರಾಹು, ಕೇತು ಅನ್ನುತ್ತಾರೆ. ಈ ಸಲದ್ದು ರಾಹುವಿನ ಹತ್ತಿರ ಆಗುವುದರಿಂದ ಪಂಚಾಂಗದಲ್ಲಿ ರಾಹುಗ್ರಸ್ತ ಅಂತ ಬರೆದಿರುತ್ತೆ.

ಭೂಮಿಗೆ ಗಾಳಿಯ ಹೊದಿಕೆ ಇಲ್ಲದೇ ಹೋಗಿದ್ದರೆ ಚಂದ್ರ ಪೂರ್ತಿ ಕಪ್ಪಾಗಿ ಮಾಯವಾಗುತ್ತಿದ್ದ. ಆದರೆ ಸೂರ್ಯನ ಬೆಳಕು ನಮ್ಮ ವಾತಾವರಣದ ಅಂಚಿನಲ್ಲಿ ತೂರಿ, ಬಾಗಿ, ನೆರಳಿನೊಳಗೂ ಹೋಗುತ್ತದೆ. ದಾರಿಯಲ್ಲಿ ನೀಲಿ ಬೆಳಕು ಚದುರಿಹೋಗುತ್ತೆ, ಕೆಂಪು ಮಾತ್ರ ದಾಟುತ್ತೆ. ಸಂಜೆ ಸೂರ್ಯ ಕೆಂಪಾಗೋದೂ ಇದೇ ಕಾರಣಕ್ಕೆ. ಅಂದರೆ ಭಾನುವಾರ ರಾತ್ರಿ ಚಂದ್ರನ ಮೇಲೆ ಬೀಳೋದು, ಆ ಹೊತ್ತಿಗೆ ಭೂಮಿಯ ಸುತ್ತ ಆಗುತ್ತಿರುವ ಎಲ್ಲ ಸೂರ್ಯೋದಯ, ಸೂರ್ಯಾಸ್ತಗಳ ಬೆಳಕು.

ಎಷ್ಟು ಕೆಂಪು ಅನ್ನೋದು ಮಾತ್ರ ಮೊದಲೇ ಹೇಳಕ್ಕಾಗಲ್ಲ. ವಾತಾವರಣದಲ್ಲಿ ಧೂಳು, ಬೂದಿ ಜಾಸ್ತಿ ಇದ್ದರೆ ಚಂದ್ರ ಕಪ್ಪಾಗುತ್ತಾನೆ. 1991ರಲ್ಲಿ ಫಿಲಿಪೈನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದ ಮೇಲೆ, 1992ರ ಡಿಸೆಂಬರ್‌ನ ಗ್ರಹಣದಲ್ಲಿ ಚಂದ್ರ ಕಣ್ಣಿಗೆ ಸಿಗೋದೇ ಕಷ್ಟವಾಗಿತ್ತು.

ಇದನ್ನು ಅಳೆಯಲು ಫ್ರಾನ್ಸಿನ ಆಂಡ್ರೆ ಡಾಂಜೊನ್ ಎಂಬ ಖಗೋಳ ವಿಜ್ಞಾನಿ 0ಯಿಂದ 4ರವರೆಗೆ ಅಂಕ ಕೊಡುವ ಪದ್ಧತಿ ಮಾಡಿಟ್ಟಿದ್ದಾನೆ. ಯಾವ ಯಂತ್ರವೂ ಬೇಡ, ಕಣ್ಣು ಸಾಕು. ನಮ್ಮ ಕಡೆಯ ಬಣ್ಣದಲ್ಲಿ ಹೇಳೋದಾದರೆ ಹೀಗೆ: ಚಂದ್ರ ಕಾಣಿಸೋದೇ ಕಷ್ಟ ಅಂದರೆ 0. ಚೊಗರಿನ ಹಾಗೆ ಕಪ್ಪು ಕಂದು ಇದ್ದರೆ 1. ತುಕ್ಕಿನ ಕೆಂಪು, ನಡುವೆ ಗಾಢ ಇದ್ದರೆ 2. ಹೆಂಚಿನ ಕೆಂಪು, ಅಂಚಲ್ಲಿ ಹಳದಿ ಛಾಯೆ ಇದ್ದರೆ 3. ತೊಳೆದ ತಾಮ್ರದ ಹಂಡೆಯ ಹಾಗೆ ಹೊಳೆದರೆ 4. ಮಧ್ಯಕಾಲ 11.42ಕ್ಕೆ ನೋಡಿ ಅಂಕ ಬರೆದಿಡಿ. ಇಂಥ ಅಂದಾಜುಗಳು ಸೇರಿದರೆ ವಾತಾವರಣ ಎಷ್ಟು ಸ್ವಚ್ಛ ಇತ್ತು ಅಂತ ತಿಳಿಯಲು ಸಹಾಯ ಆಗುತ್ತೆ. ಹವ್ಯಾಸಿಗಳು ಜಗತ್ತಿನಾದ್ಯಂತ ಈ ಕೆಲಸ ಮಾಡುತ್ತಾರೆ.

ಮೋಡದ ಜೊತೆ ಹೇಗೆ ಗುದ್ದಾಡೋದು?

ಮೊದಲ ಮಾತು: ತೆಳು ಮೋಡ ಕಂಡು ಮೋಸ ಹೋಗಬೇಡಿ. ಹುಣ್ಣಿಮೆ ಚಂದ್ರ ತೆಳು ಮೋಡದ ಹಿಂದೆ ಇದ್ದರೂ ಚೆನ್ನಾಗಿ ಕಾಣುತ್ತಾನೆ. ಆದರೆ ಪೂರ್ತಿ ನೆರಳಿಗೆ ಹೋದ ಮೇಲೆ ಅವನ ಬೆಳಕು ಸಾವಿರಾರು ಪಟ್ಟು ಇಳಿಯುತ್ತೆ. 10 ಗಂಟೆಗೆ ಅಡ್ಡಿ ಮಾಡದ ಅದೇ ಮೋಡ 11 ಗಂಟೆಗೆ ಚಂದ್ರನನ್ನು ನುಂಗಿಬಿಡಬಹುದು. ಆಗ ಚಂದ್ರ ಎಲ್ಲಿದ್ದಾನೆ ಅಂತ ಹುಡುಕೋದೇ ಕೆಲಸ ಆಗುತ್ತೆ. ಹಾಗಾಗಿ ಸ್ಪರ್ಶಕಾಲದಿಂದಲೇ ಹೊರಗಿದ್ದು, ಯಾವ ಮರದ ನೇರಕ್ಕೆ, ಯಾವ ಮಾಡಿನ ಮೇಲೆ ಅಂತ ಗುರುತು ಇಟ್ಟುಕೊಳ್ಳಿ.

ಎರಡನೇದು, ಸಮಯ ನಮ್ಮ ಕಡೆ ಇದೆ. ಸಂಪೂರ್ಣ ಸೂರ್ಯಗ್ರಹಣ ಕೆಲವೇ ನಿಮಿಷದ್ದು, ಆ ಹೊತ್ತಿಗೆ ಮೋಡ ಬಂದರೆ ಕತೆ ಮುಗೀತು. ಚಂದ್ರಗ್ರಹಣ ಹಾಗಲ್ಲ. ಸ್ಪರ್ಶದಿಂದ ಮೋಕ್ಷಕ್ಕೆ ಸುಮಾರು ಮೂರೂವರೆ ಗಂಟೆ. ಮಲೆನಾಡಿನ ಮೋಡ ಓಡುವ ಮೋಡ. 82 ನಿಮಿಷದಲ್ಲಿ ಎಲ್ಲೋ ಒಂದು ಕಡೆ ಐದು ನಿಮಿಷ ಕಿಂಡಿ ತೆಗೆದರೂ ಗೆದ್ದ ಹಾಗೆಯೇ. 11 ಗಂಟೆಗೆ ಬಾಗಿಲು ತೆಗೆದು ನೋಡಿ, ಮೋಡ ಅಂತ ಮಲಗುವವರೇ ಹೆಚ್ಚು ಕಳೆದುಕೊಳ್ಳೋದು.

ಮೂರನೇದು, ಹವಾಮಾನ ಇಲಾಖೆಯ ವೆಬ್‌ಸೈಟ್‌ನಲ್ಲಿ ಇನ್ಸಾಟ್ ಉಪಗ್ರಹದ ಚಿತ್ರಗಳು ಉಚಿತವಾಗಿ ಸಿಗುತ್ತವೆ. ರಾತ್ರಿ ಹೊತ್ತು ಅವಕೆಂಪು ಚಿತ್ರ ನೋಡಬೇಕು. ಒಂದರ ಹಿಂದೆ ಒಂದು ಚಿತ್ರ ತೆಗೆದರೆ ಮೋಡ ಯಾವ ಕಡೆ ಸರಿಯುತ್ತಿದೆ ಅಂತ ಗೊತ್ತಾಗುತ್ತೆ. ಘಟ್ಟಕ್ಕೆ ಬಡಿದು ಮಳೆ ಸುರಿಸುವ ಮೋಡ ಪೂರ್ವಕ್ಕೆ ಹೋದ ಹಾಗೆ ಕಡಿಮೆಯಾಗುತ್ತೆ. ಜೋಗ, ಆಗುಂಬೆ ಕಡೆಗಿಂತ ಶಿಕಾರಿಪುರ, ಹೊನ್ನಾಳಿ, ಚಿತ್ರದುರ್ಗದ ಕಡೆ ಅವಕಾಶ ಹೆಚ್ಚು. ಸಂಜೆಯೇ ಆಕಾಶ ಪೂರ್ತಿ ಮುಚ್ಚಿದ್ದರೆ, ಗಾಡಿ ಇದ್ದವರು ಆ ಕಡೆ ಹೊರಡುವ ಯೋಚನೆ ಮಾಡಬಹುದು. ಆದರೆ ರಾತ್ರಿ ಮಂಜಿನಲ್ಲಿ ಘಟ್ಟದ ರಸ್ತೆ, ಶರಾವತಿ ಹಿನ್ನೀರಿನ ದಂಡೆ ಬೇಡ. ಗದ್ದೆ ಬಯಲಿಗೆ ಹೋಗುವವರು ಕೊಡೆ, ಟಾರ್ಚ್ ಜೊತೆ ಉಂಬಳಕ್ಕೆ ಉಪ್ಪನ್ನೂ ಇಟ್ಟುಕೊಳ್ಳಿ.

ಖರ್ಚು ಎಷ್ಟು?

ಸೊನ್ನೆ. ಚಂದ್ರಗ್ರಹಣವನ್ನು ಬರಿಗಣ್ಣಲ್ಲಿ ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಸೂರ್ಯಗ್ರಹಣದ ಕಪ್ಪು ಕನ್ನಡಕ ಹಾಕಿದರೆ ಏನೂ ಕಾಣಲ್ಲ, ಯಾರಾದರೂ ಮಾರಲು ಬಂದರೆ ದುಡ್ಡು ಕೊಡಬೇಡಿ. ಮನೆಯಲ್ಲಿ 7x50 ಅಥವಾ 10x50 ಬೈನಾಕ್ಯುಲರ್ ಇದ್ದರೆ ಬಣ್ಣ ಇನ್ನೂ ಚೆನ್ನಾಗಿ ಕಾಣುತ್ತೆ.

ಮೊಬೈಲ್ ಫೋಟೋಗೆ ಕೈ ಅಲುಗಬಾರದು. ಸ್ಟ್ಯಾಂಡ್ ಇಲ್ಲದಿದ್ದರೆ ಗೋಡೆಗೋ ಕಂಬಕ್ಕೋ ಒರಗಿಸಿ, ಟೈಮರ್ ಹಾಕಿ. ಅರ್ಧ ಗ್ರಹಣದ ಹೊತ್ತಿಗೆ ಚಂದ್ರನ ಮೇಲೆ ಒತ್ತಿ ಬ್ರೈಟ್‌ನೆಸ್ ಇಳಿಸಿ. ಕೆಂಪಾದ ಮೇಲೆ ನೈಟ್ ಮೋಡ್ ಬಳಸಿ. ಅಂಗಡಿಯವರು ಬಾಗಿಲು ಹಾಕಿದ ಮೇಲೆ ಬೋರ್ಡಿನ ಲೈಟ್ ಆರಿಸಿದರೆ ಪೇಟೆ ಬೀದಿಯಲ್ಲಿ ನಿಂತವರಿಗೂ ಕೆಂಪು ಬಣ್ಣ ಚೆನ್ನಾಗಿ ಕಂಡೀತು.

ಊಟ, ಗರ್ಭಿಣಿಯರು, ಅಂಗಡಿ ವ್ಯಾಪಾರ

ಸಂಪ್ರದಾಯದಲ್ಲಿ ಚಂದ್ರಗ್ರಹಣಕ್ಕೆ ಮೂರು ಯಾಮ, ಅಂದರೆ ಒಂಬತ್ತು ಗಂಟೆ ಮೊದಲೇ ವೇಧ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ಭಾನುವಾರ ಮಧ್ಯಾಹ್ನ 1 ಗಂಟೆ ಹೊತ್ತಿಗೇ ಊಟ ಮುಗಿಸುವ ಮನೆಗಳಿವೆ. ದೇವಸ್ಥಾನಕ್ಕೆ ಹೋಗುವವರು ಬಾಗಿಲು ಹಾಕುವ ಸಮಯ ಮೊದಲೇ ಕೇಳಿಕೊಳ್ಳೋದು ಒಳ್ಳೇದು. ಹೋಟೆಲ್‌ನವರು ಸಂಜೆಯ ಅಡುಗೆ ಅಳತೆ ನೋಡಿ ಮಾಡಿದರೆ ಉಳಿಯೋದು ತಪ್ಪುತ್ತೆ.

ಉಪವಾಸ ಇರೋದು, ಬಿಡೋದು ಅವರವರ ನಂಬಿಕೆ. ಆದರೆ ವಿಜ್ಞಾನದ ಪ್ರಕಾರ ಗ್ರಹಣದ ಹೊತ್ತಲ್ಲಿ ಚಂದ್ರನಿಂದ ಹೊಸ ಕಿರಣ ಯಾವುದೂ ಬರಲ್ಲ. ದಿನಾ ಬರುವ ಬೆಳದಿಂಗಳು ಕಡಿಮೆ ಆಗುತ್ತೆ, ಅಷ್ಟೇ. ಅದರಿಂದ ಅನ್ನ ಕೆಡಲ್ಲ, ಹೊಟ್ಟೆಯಲ್ಲಿರುವ ಮಗುವಿಗೆ ಏನೂ ಆಗಲ್ಲ. ತೊಂದರೆ ಆಗೋದು ಗರ್ಭಿಣಿಯರು ನೀರೂ ಕುಡಿಯದೆ ಗಂಟೆಗಟ್ಟಲೆ ಕೂತರೆ, ಶುಗರ್ ಇರುವ ಹಿರಿಯರು ಮಾತ್ರೆ, ಇನ್ಸುಲಿನ್ ತಗೊಂಡು ಊಟ ಬಿಟ್ಟರೆ. ಅಂಥವರು ಮನೆಯಲ್ಲಿದ್ದರೆ ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ ಕೊಡಿ.

ಇನ್ನು ಮಕ್ಕಳನ್ನು ಮಾತ್ರ ಒಳಗೆ ಕೂಡಿಹಾಕಬೇಡಿ. ಭೂಮಿ ದುಂಡಗಿದೆ ಅಂತ ಪುಸ್ತಕದಲ್ಲಿ ಓದಿರುತ್ತಾರೆ. ಚಂದ್ರನ ಮೇಲೆ ಹಾದುಹೋಗುವ ನೆರಳಿನ ಅಂಚು ಬಾಗಿರೋದನ್ನು 10 ಗಂಟೆಯಿಂದ 11 ಗಂಟೆಯೊಳಗೆ ಕಣ್ಣಾರೆ ನೋಡಬಹುದು. ಸೋಮವಾರ ಶಾಲೆ ಇದೆ ನಿಜ. ಒಂದು ದಿನ ತೂಕಡಿಸಿದರೆ ಮೇಷ್ಟ್ರು ಏನೂ ಅನ್ನಲಿಕ್ಕಿಲ್ಲ, ಯಾಕಂದ್ರೆ ಮೋಡ ಬಿಟ್ಟರೆ ಅವರೂ ಅಂಗಳದಲ್ಲೇ ಇರುತ್ತಾರೆ.