ಮಗು ಓಗೊಡದಿದ್ದರೆ ಸೈರನ್

ಕೃಷಿ ಹೊಂಡಕ್ಕೆ ಬಿದ್ದು ಮಗು ಸಾವು. ಸಂಪಿಗೆ ಬಿದ್ದು ಮಗು ಸಾವು. ಇಂಥ ಸಾಲು ಓದಿ ಮುಂದಿನ ಸುದ್ದಿಗೆ ಹೋಗೋದು ನನ್ನ ಕೆಲಸ. ಊರು, ತಾಲ್ಲೂಕು ಬದಲಾಗುತ್ತೆ, ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ನೀರಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಅವರಲ್ಲಿ ಹೆಚ್ಚುಕಮ್ಮಿ ಕಾಲು ಭಾಗ 5 ವರ್ಷ ತುಂಬದ ಮಕ್ಕಳು.

ವಾಚು ನಮ್ಮ ಹೆಜ್ಜೆ ಎಣಿಸೋ ಕಾಲ ಇದು. ಮಗು ನೀರಿಗೆ ಬಿದ್ದರೆ ಕೂಗಿ ಹೇಳೋ ಒಂದು ಪಟ್ಟಿ ಮಾಡೋಕಾಗಲ್ವಾ? ಮೈಕ್ ಹಿಡಿಯೋ ಮೊದಲು ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಆಗುತ್ತೆ. ಆದರೆ ನಮಗೆ ಥಟ್ಟನೆ ಹೊಳೆಯುವ ಡಿಸೈನ್ ಇದೆಯಲ್ಲ, ಅದು ಕೆಲಸಕ್ಕೆ ಬರಲ್ಲ.

ಹೊಳೆಯೋದು ಏನು? ಒದ್ದೆಯಾದರೆ ಗೊತ್ತಾಗುವ ಸೆನ್ಸರ್, ಅಲ್ಲಿಂದ ಅಮ್ಮನ ಫೋನಿಗೆ ಬ್ಲೂಟೂತ್ ಸಂದೇಶ. ಇದರಲ್ಲಿ ಎರಡು ತೊಡಕು. ಮಕ್ಕಳು ದಿನಕ್ಕೆ ಹತ್ತು ಸಲ ಒದ್ದೆಯಾಗ್ತಾರೆ. ಕೈ ತೊಳೆದರೂ ಬಡ್ಕೊಳ್ಳೋ ಯಂತ್ರವನ್ನು ಮೂರನೇ ದಿನಕ್ಕೆ ಆಫ್ ಮಾಡಿ ಮೂಲೆಗೆ ಎಸೀತಾರೆ. ಇನ್ನೊಂದು ತೊಡಕು ಭೌತಶಾಸ್ತ್ರದ್ದು. ಬ್ಲೂಟೂತ್ ಓಡೋದು 2.4 ಗಿಗಾಹರ್ಟ್ಸ್ ಅಲೆಗಳಲ್ಲಿ. ಮೈಕ್ರೋವೇವ್ ಒಲೆಯಲ್ಲಿ ಸಾರು ಬಿಸಿಯಾಗೋದೂ ಹೆಚ್ಚುಕಮ್ಮಿ ಇದೇ ಅಲೆಯಿಂದ. ಅಂದ್ರೆ ನೀರು ಈ ಅಲೆಯನ್ನು ಕುಡಿದುಬಿಡುತ್ತೆ. ಒಂದೆರಡು ಅಡಿ ಆಳಕ್ಕೆ ಹೋದರೆ ಸಂದೇಶ ಮೇಲೆ ಬರೋದೇ ಇಲ್ಲ. ಪಟ್ಟಿಯೊಳಗೇ ಬಜರ್ ಇಟ್ಟರೆ? ನೀರೊಳಗಿನ ಸದ್ದು ಮೇಲ್ಮೈಗೆ ಬಡಿದು ಬಹುಪಾಲು ವಾಪಸ್ ನೀರಿಗೇ ಹೋಗುತ್ತೆ.

ಹಾಗಾದರೆ ಲೆಕ್ಕವನ್ನು ತಿರುಗಿಸಿ ಹಾಕಬೇಕು. ಹೊಲದಲ್ಲಿ ಕಳೆ ಕೀಳೋ ಅಮ್ಮ ಏನು ಮಾಡ್ತಾಳೆ? ತಲೆ ಎತ್ತದೆಯೇ ಮಗುವಿನ ಹೆಸರು ಕೂಗ್ತಾಳೆ. ಬದುವಿನ ಮೇಲಿಂದ ‘ಓ’ ಅಂತ ಬಂದರೆ ಸಮಾಧಾನ. ಬರದಿದ್ದರೆ ಕುಡುಗೋಲು ಬಿಸಾಕಿ ಓಡ್ತಾಳೆ. ಪಟ್ಟಿ ಮಾಡಬೇಕಾದ್ದೂ ಇಷ್ಟೇ, ಸೆಕೆಂಡಿಗೊಮ್ಮೆ ‘ಓ’ ಅನ್ನುತ್ತಿರಬೇಕು. ಅಮ್ಮನ ಸೊಂಟದಲ್ಲಿರುವ ಪುಟ್ಟ ಪೆಟ್ಟಿಗೆ ಅದನ್ನು ಕೇಳಿಸ್ಕೊಳ್ತಾ ಇರಬೇಕು. ಸತತ ಐದು ಸಲ ‘ಓ’ ತಪ್ಪಿದರೆ ಸೈರನ್. ಮೊದಲ ಡಿಸೈನಿಗೆ ಶತ್ರುವಾಗಿದ್ದ ನೀರೇ ಇಲ್ಲಿ ಸುಳಿವು ಕೊಡುತ್ತೆ. ಮಳೇಲಿ ನೆಂದರೂ ‘ಓ’ ನಿಲ್ಲಲ್ಲ, ಮುಳುಗಿದರೆ ನಿಲ್ಲುತ್ತೆ. ಮಗು ದೂರ ಹೋದರೂ ಸೈರನ್ ಆಗುತ್ತೆ ಅಂತೀರಾ? ಆಗಲಿ ಬಿಡಿ. ಪಕ್ಕದಲ್ಲೇ ಹೊಂಡ ಇರುವಾಗ ಅದೂ ಬೇಕಾದ ಎಚ್ಚರಿಕೆಯೇ.

ಫೋನ್ ಬೇಡ, ಪ್ರತ್ಯೇಕ ಪೆಟ್ಟಿಗೆಯೇ ಬೇಕು ಅಂತ ನಾನು ಹಟ ಹಿಡಿಯೋದಕ್ಕೆ ಕಾರಣ ಇದೆ. ಫೋನು ಸೈಲೆಂಟ್‌ನಲ್ಲಿರುತ್ತೆ, ಚಾರ್ಜಿಗೆ ಹಾಕಿರುತ್ತೆ, ಇಲ್ಲಾ ಅದರಲ್ಲಿ ನಮ್ಮದೇ ಚಾನೆಲ್ ಓಡ್ತಿರುತ್ತೆ. ನಮ್ಮ ಹತ್ತಿರ ಇರೋ ಸಮಯವೋ ತೀರಾ ಕಮ್ಮಿ. ಸಿನಿಮಾದಲ್ಲಿ ತೋರಿಸೋ ಹಾಗೆ ಮುಳುಗುವವರು ಕೈ ಬೀಸಿ ಕೂಗಲ್ಲ. ಬಾಯಿ ನೀರಿನ ಮಟ್ಟದಲ್ಲಿರುವಾಗ ಉಸಿರಿಗೇ ಗತಿಯಿಲ್ಲ, ಕೂಗು ಎಲ್ಲಿಂದ ಬರಬೇಕು? ಒಂದು ನಿಮಿಷದೊಳಗೆ ಸದ್ದಿಲ್ಲದೆ ಒಳಗೆ ಹೋಗಿಬಿಡಬಹುದು. ಆಮೇಲೆ ನಾಲ್ಕಾರು ನಿಮಿಷ ಆಮ್ಲಜನಕ ಸಿಗದಿದ್ದರೆ ಮಿದುಳಿಗೆ ಮತ್ತೆ ಸರಿಪಡಿಸಲಾಗದ ಪೆಟ್ಟು.

ಇನ್ನು ಪಟ್ಟಿ ಎಲ್ಲಿ ಕಟ್ಟೋದು? ಇದೇ ನನಗೆ ಅತಿ ಕಷ್ಟದ ಪ್ರಶ್ನೆ. ಬಾಯಿ ಮೂಗಿಗೆ ಹತ್ತಿರ ಅಂದ್ರೆ ಕುತ್ತಿಗೆ. ಆದರೆ ಕುತ್ತಿಗೆಗೆ ದಾರ ಕಟ್ಟಿದರೆ ಅದೇ ಉರುಳಾಗಬಹುದು. ಅಂಗಿಯ ಭುಜಕ್ಕೆ ಗುಂಡಿಯ ಹಾಗೆ ಹೊಲಿಯೋದು ವಾಸಿ. ಮಣಿಕಟ್ಟು, ಕಾಲು ಬೇಡ. ಯಾಕಂದ್ರೆ ಅಂಬೆಗಾಲಿಡೋ ಮಗು ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದರೆ ಕಾಲು ಹೊರಗೇ ಇರುತ್ತೆ. ಮಗು ಒಳಗೆ, ಪಟ್ಟಿ ಹೊರಗೆ ‘ಓ, ಓ’ ಅಂತಾನೇ ಇರುತ್ತೆ! ಬಕೆಟ್ಟಿನ ವಿಷಯದಲ್ಲಿ ಯಾವ ಯಂತ್ರವನ್ನೂ ನಂಬಬೇಡಿ. ನೀರು ಚೆಲ್ಲಿ ಬೋರಲು ಹಾಕಿ. ಸಂಪಿನ ಮುಚ್ಚಳಕ್ಕೆ ಬೀಗ, ಹೊಂಡದ ಸುತ್ತ ಬೇಲಿ ಇರಲೇಬೇಕು. ಇವಕ್ಕೆ ಬ್ಯಾಟರಿ ಬೇಕಿಲ್ಲ.

ಮನೆ ಹಿಂದೆಯೇ ಕೊಳ ಇರುವ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಬೆಳಗಿನ ಹೊತ್ತು, ತಾಯಂದಿರು ಕೆಲಸದಲ್ಲಿರುವಾಗ, ‘ಆಂಚಲ್’ ಎಂಬ ಶಿಶುಪಾಲನಾ ಕೇಂದ್ರಗಳಲ್ಲಿ ಮಕ್ಕಳನ್ನು ನೋಡಿಕೊಂಡರು. ಹಾಗೆ ಬಂದ ಮಕ್ಕಳಲ್ಲಿ ಮುಳುಗಿ ಸಾಯುವುದು ಶೇ. 80ರಷ್ಟು ಇಳಿಯಿತು. ನಮ್ಮಲ್ಲೂ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ‘ಕೂಸಿನ ಮನೆ’ಗಳಿವೆ. ನಾನು ಹೇಳಿದ ಪೆಟ್ಟಿಗೆ ಅಲ್ಲಿನ ಆರೈಕೆದಾರರ ಕೈಗೂ ಒಂದು ಸಿಗಲಿ.

ಆ ಪೆಟ್ಟಿಗೆಯ ಬೆನ್ನ ಮೇಲೆ ಕಂಪನಿಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಇಷ್ಟು ಅಚ್ಚಾಗಬೇಕು: ಮಗುವನ್ನು ತಲೆಕೆಳಗೆ ಹಿಡಿದು ತಿರುಗಿಸಬೇಡಿ. ಹೊಟ್ಟೆ ಒತ್ತಿ ನೀರು ತೆಗೆಯಬೇಡಿ. ಉಪ್ಪಿನಲ್ಲಿ ಹೂಳಬೇಡಿ. ಉಸಿರಾಡದಿದ್ದರೆ ತಕ್ಷಣ ಬಾಯಿಯಿಂದ ಉಸಿರು ಕೊಡಿ, ಆಮೇಲೆ ಎದೆ ಒತ್ತಿ, ಎರಡನ್ನೂ ನಿಲ್ಲಿಸದೆ ಮಾಡಿ. 108ಕ್ಕೆ ಇನ್ನೊಬ್ಬರು ಫೋನ್ ಮಾಡಲಿ.