ಸೈಕಲ್ಲಿನ ಮೇಲಣ ಸಂಸಾರ

ಮುಂದಿನ ಕಂಬಿಯ ಮೇಲೆ ಮಗು, ಹಿಂದೆ ಕ್ಯಾರಿಯರಿನ ಮೇಲೆ ತಾಯಿ, ನಡುವೆ ಪೆಡಲು ತುಳಿಯುವ ತಂದೆ; ಹ್ಯಾಂಡಲಿಗೆ ಬುತ್ತಿಯ ಗಂಟು. ಯಾದಗಿರಿ, ಶಹಾಪುರ, ಸುರಪುರಗಳ ದಾರಿಯಲ್ಲಿ ಬಹುಕಾಲ ಕಾಣುತ್ತಿದ್ದ ಚಿತ್ರವಿದು. ಇದು ಬಿಸಿಲ ನಾಡೇ ಸರಿ. ಆದರೂ ಮಳೆ ಹಿಡಿದ ಸಂಜೆ, ಮಾಗಿಯ ಮುಂಜಾವು, ಭೀಮೆಯ ಸೇತುವೆಯ ಮೇಲಣ ಗಾಳಿ ಎಳೆಯ ಮೈಯನ್ನು ನಡುಗಿಸದೆ ಬಿಡವು.

ದೂರದ ಡೆನ್ಮಾರ್ಕಿನಲ್ಲಿ ಇಂತಹ ಸಂಸಾರಕ್ಕೆ ಬೇರೊಂದು ವಾಹನವಿದೆ. 1984ರಲ್ಲಿ ಕೋಪನ್‌ಹೇಗನ್ನಿನ ಕ್ರಿಸ್ಟಿಯಾನಿಯಾ ಎಂಬ ಬಡಾವಣೆಯಲ್ಲಿ ರೂಪುಗೊಂಡ ಮೂರು ಗಾಲಿಯ ಸೈಕಲ್ಲು ಅದು. ಮುಂದೆ ಪೆಟ್ಟಿಗೆ, ಮೇಲೆ ಮುಸುಕು, ಒಳಗೆ ಮಕ್ಕಳು.

ಆ ಮುಸುಕಿನ ಅರ್ಥ ಸರಳವಾದುದು. ತುಳಿಯುವವನ ಮೈ ದುಡಿಮೆಯಿಂದಲೇ ಬೆಚ್ಚಗಾಗುತ್ತದೆ. ಸುಮ್ಮನೆ ಕುಳಿತ ಮಗುವಿಗೆ ಆ ಕಾವಿಲ್ಲ. ತಂದೆ ಬೆವರುತ್ತಿರುವಾಗಲೇ ಮಗು ನಡುಗುತ್ತಿರಬಹುದು. ಆದುದರಿಂದ ಚಳಿಯನ್ನು ತನ್ನ ಮೈಯಿಂದಲ್ಲ, ಮಗುವಿನ ಕತ್ತಿನ ಹಿಂಬದಿಯನ್ನು ಮುಟ್ಟಿ ಅಳೆಯಬೇಕು.

ಬೇಕಾದ ಉಡುಪು ನಮ್ಮಲ್ಲಿ ಹಿಂದಿನಿಂದಲೂ ಉಂಟು: ಕಿವಿ ಮುಚ್ಚುವ ಕುಂಚಿಗೆ, ಕುರಿಯುಣ್ಣೆಯ ಕಂಬಳಿ. ತೊಯ್ದ ಹತ್ತಿಬಟ್ಟೆ ಮೈಯ ಕಾವನ್ನು ಕಳೆಯುತ್ತದೆ. ಉಣ್ಣೆ ತೊಯ್ದರೂ ತಕ್ಕಮಟ್ಟಿಗೆ ಬೆಚ್ಚಗಿಡುತ್ತದೆ. ಅದರ ಅಂಚು ಗಾಲಿಗೆ ಸಿಲುಕದಂತೆ ಸಿಕ್ಕಿಸಿದರಾಯಿತು.

ಕಂಬಳಿಗೂ ಬಗ್ಗದ ತೊಡಕು ಎರೆಮಣ್ಣಿನದು. ಮಳೆಯಲ್ಲಿ ಅದು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ತೊಯ್ದ ಬ್ರೇಕಂತೂ ತಡವಾಗಿ ಹಿಡಿಯುತ್ತದೆ. ಆಗ ಇಳಿದು ನಡೆಯುವುದೇ ಜಾಣತನ.

ಹೊರೆ ಜೋಳದ ಚೀಲವಾದರೆ ಊರು ಮುಟ್ಟಿದರೆ ಸಾಕು; ಹೊರೆ ಮಗುವಾದರೆ ಬೆಚ್ಚಗೆ ಮುಟ್ಟಬೇಕು.