ಊರು ಬಿಟ್ಟುಹೋದ ಪಂದ್ಯಾವಳಿ
ಬೆಂಗಳೂರು ಓಪನ್ ಟೆನಿಸ್‌ನ ಮೂರು ವರ್ಷಗಳು ಮತ್ತು ವ್ಯಾಪಾರಸ್ಥರಿಗೆ ಅದರ ಪಾಠ

ಪ್ರತಿ ವರ್ಷ ಭಾರತ ಹುಣ್ಣಿಮೆಯ ಸುಮಾರಿಗೆ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆ ಕೂಡುತ್ತದೆ. ಕೊಲ್ಹಾಪುರ, ಸಾಂಗಲಿ ಮುಂತಾದ ಕಡೆಗಳಿಂದ ಭಕ್ತರು ಎತ್ತಿನ ಬಂಡಿಗಳಲ್ಲಿ, ರೈಲಿನಲ್ಲಿ, ವಾಹನಗಳಲ್ಲಿ ಬಂದು ಭಂಡಾರ ಹಾರಿಸಿ ಹೋಗುತ್ತಾರೆ. ಈ ಜಾತ್ರೆಯನ್ನು ನಂಬಿ ಬಳೆಗಾರರು, ಮಿಠಾಯಿಯವರು, ಭಂಡಾರ-ಕುಂಕುಮದ ವ್ಯಾಪಾರಿಗಳು ತಿಂಗಳ ಮೊದಲೇ ಸರಕು ತುಂಬಿಕೊಳ್ಳುತ್ತಾರೆ. ಬರುವ ವರ್ಷ ಜಾತ್ರೆ ಇಲ್ಲಿಯೇ ನಡೆಯುವುದೋ ಅಥವಾ ಬೇರೆ ಊರಿಗೆ ಹೋಗುವುದೋ ಎಂಬ ಚಿಂತೆ ಅವರಾರಿಗೂ ಇಲ್ಲ. ದೇವಿ ಇರುವಲ್ಲಿ ಜಾತ್ರೆ.

ಆದರೆ ಇಂದಿನ ಕಾಲದಲ್ಲಿ ಬೇರೊಂದು ಬಗೆಯ ಜಾತ್ರೆಗಳೂ ಇವೆ. ಅವು ಒಂದು ಊರಿನ ಹೆಸರನ್ನು ಧರಿಸಿ ಬರುತ್ತವೆ, ಜನರನ್ನು ಸೇರಿಸುತ್ತವೆ, ಹೋಟೆಲ್ಲು, ಸಾರಿಗೆ, ಮುದ್ರಣ, ಶಾಮಿಯಾನದವರಿಗೆ ಕೆಲಸ ಕೊಡುತ್ತವೆ. ಕೆಲವೇ ವರ್ಷಗಳಲ್ಲಿ ಹೆಸರನ್ನು ಬದಲಿಸಿಕೊಂಡು ಮತ್ತೊಂದು ಊರಿಗೆ ಹೊರಟುಹೋಗುತ್ತವೆ. ನಮ್ಮ ರಾಜ್ಯದ ರಾಜಧಾನಿಯಲ್ಲಿ 2006ರಿಂದ 2008ರವರೆಗೆ ನಡೆದು ನಿಂತುಹೋದ ಬೆಂಗಳೂರು ಓಪನ್ ಮಹಿಳಾ ಟೆನಿಸ್ ಪಂದ್ಯಾವಳಿ ಅಂತಹುದೊಂದು. ಆಟದ ದೃಷ್ಟಿಯಿಂದ ಈ ಕಥೆಯನ್ನು ಬರೆದವರು ಅನೇಕರು. ವ್ಯಾಪಾರಸ್ಥರ ಹಾಗೂ ಸಣ್ಣ ಉತ್ಪಾದಕರ ದೃಷ್ಟಿಯಿಂದ ಇದನ್ನು ನೋಡುವುದು ಈ ಲೇಖನದ ಉದ್ದೇಶ.

ಹೈದರಾಬಾದಿನಿಂದ ಬಂದ ಪಂದ್ಯಾವಳಿ

ಬೆಂಗಳೂರಿಗೆ ಅಂತರರಾಷ್ಟ್ರೀಯ ಟೆನಿಸ್ ಹೊಸದಾಗಿರಲಿಲ್ಲ. 1973ರಿಂದ 1979ರವರೆಗೆ ಪುರುಷರ ಗ್ರಾಂಡ್ ಪ್ರಿ ಸರಣಿಯ ಭಾಗವಾಗಿ ನಡೆದ ಇಂಡಿಯನ್ ಓಪನ್ ಪಂದ್ಯಾವಳಿಯು ದೆಹಲಿ, ಮುಂಬಯಿ, ಕಲ್ಕತ್ತಾಗಳಲ್ಲಿ ಸುತ್ತುತ್ತ 1976ರಲ್ಲಿ ಬೆಂಗಳೂರಿಗೂ ಬಂದಿತ್ತು. ಆ ವರ್ಷ ಆಸ್ಟ್ರೇಲಿಯಾದ ಕಿಮ್ ವಾರ್ವಿಕ್ ಅಂತಿಮ ಪಂದ್ಯದಲ್ಲಿ ಭಾರತದ ಶಶಿ ಮೆನನ್ ಅವರನ್ನು ಸೋಲಿಸಿದರು. ಆಗಲೂ ಪಂದ್ಯಾವಳಿ ಒಂದು ಊರಿನಲ್ಲಿ ನೆಲೆ ನಿಲ್ಲಲಿಲ್ಲ.

ಮಹಿಳೆಯರ ಪಂದ್ಯಾವಳಿಯ ಕಥೆಯೂ ಹಾಗೆಯೇ ಪ್ರಾರಂಭವಾಯಿತು. 2003ರಿಂದ ಮೂರು ವರ್ಷ ಅದು ಹೈದರಾಬಾದಿನಲ್ಲಿ, ಆಂಧ್ರಪ್ರದೇಶ ಪ್ರವಾಸೋದ್ಯಮದ ಹೆಸರಿನೊಂದಿಗೆ ನಡೆಯಿತು. 2005ರ ಫೆಬ್ರವರಿಯಲ್ಲಿ ಅದೇ ಊರಿನ ಸಾನಿಯಾ ಮಿರ್ಜಾ ಅಲ್ಲಿ ಸಿಂಗಲ್ಸ್ ಪ್ರಶಸ್ತಿ ಗೆದ್ದು, ಮಹಿಳಾ ವೃತ್ತಿಪರ ಟೆನಿಸ್ ಸಂಘದ, ಅಂದರೆ ಡಬ್ಲ್ಯುಟಿಎ ಸರಣಿಯ, ಸಿಂಗಲ್ಸ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಮಹಿಳೆಯೆನಿಸಿದರು. ಯಾವುದೇ ಅಂಗಡಿಯಾದರೂ ವ್ಯಾಪಾರ ಕುದುರಿದ ಮರುವರ್ಷ ಜಾಗ ಬದಲಿಸುವುದಿಲ್ಲ. ಆದರೆ ಈ ಪಂದ್ಯಾವಳಿ 2006ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು.

ಕಬ್ಬನ್ ಉದ್ಯಾನದಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕ್ರೀಡಾಂಗಣದಲ್ಲಿ ಮೊದಲ ವರ್ಷ ಇಟಲಿಯ ಮಾರಾ ಸಾಂತಾಂಜೆಲೊ ಗೆದ್ದರು. ಸಾನಿಯಾ ಮಿರ್ಜಾ ಅವರು ಲೀಜೆಲ್ ಹ್ಯೂಬರ್ ಜೊತೆಗೂಡಿ ಡಬಲ್ಸ್ ಪ್ರಶಸ್ತಿ ಪಡೆದರು. 2007ರಲ್ಲಿ ಯಾರೊಸ್ಲಾವಾ ಶ್ವೆಡೊವಾ ಅವರು ಹಿಂದಿನ ವರ್ಷದ ವಿಜೇತೆ ಸಾಂತಾಂಜೆಲೊ ಅವರನ್ನೇ ಅಂತಿಮ ಪಂದ್ಯದಲ್ಲಿ ಸೋಲಿಸಿದರು. ಈ ಎರಡೂ ವರ್ಷ ಅದು ಮೂರನೆಯ ಶ್ರೇಣಿಯ ಪಂದ್ಯಾವಳಿ. ಬಹುಮಾನದ ಒಟ್ಟು ಮೊತ್ತ 1,75,000 ಡಾಲರ್.

2008ರಲ್ಲಿ ಒಮ್ಮೆಗೇ ಅದನ್ನು ಎರಡನೆಯ ಶ್ರೇಣಿಗೆ ಏರಿಸಲಾಯಿತು. ಬಹುಮಾನದ ಮೊತ್ತ 6,00,000 ಡಾಲರ್‌ಗೆ ಏರಿತು. ಬೆಂಗಳೂರಿನಲ್ಲಿಯೇ ಪ್ರಧಾನ ಕಚೇರಿಯುಳ್ಳ ಕೆನರಾ ಬ್ಯಾಂಕ್ ತನ್ನ ಹೆಸರನ್ನು ಕೊಟ್ಟಿತು. ವೀನಸ್ ಮತ್ತು ಸೆರೆನಾ ವಿಲಿಯಮ್ಸ್ ಸಹೋದರಿಯರು ಮಾರ್ಚ್ ತಿಂಗಳ ಬಿಸಿಲಿನಲ್ಲಿ ಕಬ್ಬನ್ ಉದ್ಯಾನಕ್ಕೆ ಬಂದಿಳಿದರು. ಸೆಮಿಫೈನಲ್‌ನಲ್ಲಿ ಅಕ್ಕತಂಗಿಯರೇ ಎದುರಾಗಿ, ಮೂರನೆಯ ಸೆಟ್ಟಿನ ಟೈಬ್ರೇಕ್‌ನಲ್ಲಿ ಸೆರೆನಾ ಗೆದ್ದರು. ಅಂತಿಮ ಪಂದ್ಯದಲ್ಲಿ ಸ್ವಿಟ್ಜರ್ಲೆಂಡಿನ ಪ್ಯಾಟಿ ಶ್ನೈಡರ್ ಅವರನ್ನು 7-5, 6-3ರಿಂದ ಸೋಲಿಸಿದರು. ನಾಲ್ಕು ತಿಂಗಳ ನಂತರ ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಎದುರುಬದುರಾದವರೂ ಇದೇ ಇಬ್ಬರು. ಬೆಂಗಳೂರಿನ ಪ್ರೇಕ್ಷಕರು ವಿಶ್ವದ ಅತ್ಯುತ್ತಮ ಸರಕನ್ನು ಮನೆಯ ಬಾಗಿಲಲ್ಲೇ ಕಂಡಿದ್ದರು.

ಒಂದೇ ಒಂದು ಕೊರತೆಯಿತ್ತು. ಸ್ಥಳೀಯ ಗಿರಾಕಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆಯಬಲ್ಲ ಸಾನಿಯಾ ಮಿರ್ಜಾ ಆ ವರ್ಷ ಆಡಲಿಲ್ಲ. ಭಾರತದಲ್ಲಿ ಆಡಿದಾಗಲೆಲ್ಲ ಯಾವುದಾದರೊಂದು ವಿವಾದ ತಮ್ಮನ್ನು ಸುತ್ತಿಕೊಳ್ಳುತ್ತಿದೆ ಎಂಬ ಕಾರಣದಿಂದ ಅವರು ಹಿಂದೆ ಸರಿದಿದ್ದರು.

ಒಂದೇ ವರ್ಷದಲ್ಲಿ ಎರಡು ಪಂದ್ಯಾವಳಿಗಳು

2008 ಬೆಂಗಳೂರಿನ ಟೆನಿಸ್‌ಗೆ ಏರಿಕೆಯ ವರ್ಷವಾಗಬೇಕಿತ್ತು. 2006 ಮತ್ತು 2007ರಲ್ಲಿ ಮುಂಬಯಿಯಲ್ಲಿ ನಡೆದಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ ಪುರುಷರ ಪಂದ್ಯಾವಳಿಯೂ ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಿಗೆ ಬರುವುದೆಂದು ನಿಶ್ಚಯವಾಗಿತ್ತು. ಜುಲೈ 25ರಂದು ನಗರದಲ್ಲಿ ಸರಣಿ ಬಾಂಬ್ ಸ್ಫೋಟಗಳಾದವು. ಭದ್ರತೆಯ ಕಾರಣದಿಂದ ಪುರುಷರ ಪಂದ್ಯಾವಳಿ ರದ್ದಾಯಿತು. ಒಂದು ಚೆಂಡೂ ಹಾರದೆ ಅದು ಮುಗಿದುಹೋಯಿತು.

ಅದೇ ವೇಳೆಗೆ ಅಮೆರಿಕೆಯ ಬ್ಯಾಂಕುಗಳ ಕುಸಿತದಿಂದ ಜಗತ್ತಿನಾದ್ಯಂತ ಹಣದ ಮುಗ್ಗಟ್ಟು ತಲೆದೋರಿತು. ಮಹಿಳಾ ಟೆನಿಸ್ ಸಂಘವು 2009ರಿಂದ ತನ್ನ ಶ್ರೇಣಿ ಪದ್ಧತಿಯನ್ನೇ ಬದಲಿಸಿ ಪಂದ್ಯಾವಳಿಗಳನ್ನು ಹೊಸದಾಗಿ ವಿಂಗಡಿಸಿತು. ಆ ಹೊಸ ಪಟ್ಟಿಯಲ್ಲಿ ಬೆಂಗಳೂರಿನ ಹೆಸರಿರಲಿಲ್ಲ. ಸೆರೆನಾ ವಿಲಿಯಮ್ಸ್ ಗೆದ್ದ ಆ ಪ್ರಶಸ್ತಿಯೇ ಕೊನೆಯದಾಯಿತು.

ಕೀರ್ದಿ ಪುಸ್ತಕದ ಲೆಕ್ಕ

ಈ ಪಂದ್ಯಾವಳಿಗಳ ವ್ಯವಹಾರವನ್ನು ಅರಿತರೆ ಅವು ಏಕೆ ನಿಲ್ಲುತ್ತವೆ ಎಂಬುದು ತಿಳಿಯುತ್ತದೆ. ಮೊದಲನೆಯದಾಗಿ, ಪಂದ್ಯಾವಳಿ ಎಂಬುದು ಕ್ರೀಡಾಂಗಣವಲ್ಲ, ಅದು ಒಂದು ಪರವಾನಗಿ. ವರ್ಷದ ಇಂತಹ ವಾರದಲ್ಲಿ ಇಂತಹ ಶ್ರೇಣಿಯ ಆಟ ನಡೆಸಬಹುದು ಎಂಬ ಹಕ್ಕು ಅದರಲ್ಲಿ ಅಡಕವಾಗಿದೆ. ಆ ಹಕ್ಕು ಯಾರ ಕೈಯಲ್ಲಿದೆಯೋ ಅವರು ಅದನ್ನು ಲಾಭ ಕಂಡಲ್ಲಿಗೆ ಒಯ್ಯುತ್ತಾರೆ. ಕ್ರೀಡಾಂಗಣ ಕಟ್ಟಿದ ಊರಿನವರು ಬಾಡಿಗೆಯ ಅಂಗಡಿಯ ಮಾಲೀಕರಿದ್ದಂತೆ, ವ್ಯಾಪಾರ ಅವರದಲ್ಲ.

ಎರಡನೆಯದಾಗಿ, ಖರ್ಚು ಡಾಲರಿನಲ್ಲಿ, ಆದಾಯ ರೂಪಾಯಿಯಲ್ಲಿ. 2008ರ ಮಾರ್ಚಿನಲ್ಲಿ ಡಾಲರಿಗೆ ಸುಮಾರು 40 ರೂಪಾಯಿ ಇತ್ತು. ಆ ದರದಲ್ಲಿ 6,00,000 ಡಾಲರ್ ಎಂದರೆ ಸುಮಾರು 2 ಕೋಟಿ 40 ಲಕ್ಷ ರೂಪಾಯಿ. ಒಂದು ವರ್ಷದ ನಂತರ ಡಾಲರ್ 50 ರೂಪಾಯಿ ದಾಟಿತ್ತು. ಅಷ್ಟೇ ಬಹುಮಾನಕ್ಕೆ 3 ಕೋಟಿಗೂ ಹೆಚ್ಚು ಬೇಕಾಗುತ್ತಿತ್ತು. ಆಟಗಾರ್ತಿಯರ ಸಂಖ್ಯೆಯಾಗಲಿ ಪ್ರೇಕ್ಷಕರ ಕುರ್ಚಿಗಳಾಗಲಿ ಹೆಚ್ಚಾಗದೆ, ದರದ ವ್ಯತ್ಯಾಸದಿಂದಲೇ 60 ಲಕ್ಷ ರೂಪಾಯಿಯ ಹೊರೆ ಬೀಳುತ್ತದೆ. ಹೊರದೇಶದಿಂದ ಯಂತ್ರ ತರಿಸುವ ನಮ್ಮ ಉತ್ಪಾದಕ ಬಾಂಧವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ.

ಮೂರನೆಯದಾಗಿ, ಟಿಕೇಟಿನ ಹಣದಿಂದ ಇಂತಹ ಪಂದ್ಯಾವಳಿಗಳು ನಡೆಯುವುದಿಲ್ಲ. ಅವು ಪ್ರಾಯೋಜಕರನ್ನು, ಅಂದರೆ ತಮ್ಮ ಹೆಸರಿನ ಪ್ರಚಾರಕ್ಕಾಗಿ ಹಣ ಕೊಡುವ ಕಂಪನಿಗಳನ್ನು, ಅವಲಂಬಿಸಿವೆ. ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬಿದ ಕಾರ್ಖಾನೆಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ತಂಬಾಕಿನಿಂದ ಬಿಸ್ಕತ್ತಿನವರೆಗೆ

ನಿಪ್ಪಾಣಿಯ ತಂಬಾಕು ವ್ಯಾಪಾರಸ್ಥರಿಗೆ ಈ ಕಥೆಯ ಒಂದು ಎಳೆ ವಿಶೇಷವಾಗಿ ಸಂಬಂಧಿಸಿದೆ. 1996ರಲ್ಲಿ ದೆಹಲಿಯಲ್ಲಿ ಆರಂಭವಾದ ಪುರುಷರ ಪಂದ್ಯಾವಳಿ 1997ರಲ್ಲಿ ಚೆನ್ನೈಗೆ ಬಂದಾಗ ಅದರ ಹೆಸರು ಗೋಲ್ಡ್ ಫ್ಲೇಕ್ ಓಪನ್. ಅದು ಐಟಿಸಿ ಕಂಪನಿಯ ಸಿಗರೇಟಿನ ಹೆಸರು. 2001ರಲ್ಲಿ ತಂಬಾಕು ಉತ್ಪನ್ನಗಳ ಜಾಹೀರಾತು ಹಾಗೂ ಪ್ರಾಯೋಜನೆಯನ್ನು ನಿಷೇಧಿಸುವ ಮಸೂದೆಯ ಸೂಚನೆ ಬಂದೊಡನೆ ಕಂಪನಿಯು ಕ್ರೀಡಾ ಪ್ರಾಯೋಜನೆಯಿಂದ ಹಿಂದೆ ಸರಿಯಿತು. 2002ರಿಂದ ಚೆನ್ನೈ ಪಂದ್ಯಾವಳಿ ಟಾಟಾ ಹೆಸರಿನಲ್ಲಿ ನಡೆಯಿತು. ಮಸೂದೆಯು 2003ರಲ್ಲಿ ಕಾನೂನಾಯಿತು.

ಆದರೆ ಐಟಿಸಿ ಟೆನಿಸ್ ಬಿಡಲಿಲ್ಲ. 2003ರಲ್ಲಿ ಅದು ಸನ್‌ಫೀಸ್ಟ್ ಹೆಸರಿನ ಬಿಸ್ಕತ್ತುಗಳನ್ನು ಮಾರುಕಟ್ಟೆಗೆ ತಂದಿತು. 2005ರಿಂದ 2007ರವರೆಗೆ ಕೋಲ್ಕತ್ತಾದಲ್ಲಿ ಸನ್‌ಫೀಸ್ಟ್ ಓಪನ್ ಮಹಿಳಾ ಪಂದ್ಯಾವಳಿ ನಡೆಯಿತು. 2006ರಲ್ಲಿ ಮಾರ್ಟಿನಾ ಹಿಂಗಿಸ್ ಅದನ್ನು ಗೆದ್ದರು. ಕಾನೂನು ಒಂದು ಬಾಗಿಲು ಮುಚ್ಚುವ ಮೊದಲೇ ಮತ್ತೊಂದು ಸರಕನ್ನು ಸಿದ್ಧಪಡಿಸಿಕೊಂಡ ದೂರದೃಷ್ಟಿ ಇಲ್ಲಿ ಕಾಣುತ್ತದೆ. ತಂಬಾಕೊಂದನ್ನೇ ನಂಬಿದ ನಮ್ಮ ಭಾಗದ ಮನೆತನಗಳು ಇದನ್ನು ಗಮನಿಸಬೇಕಾಗಿದೆ.

ಪಂದ್ಯಾವಳಿಗಳಿಗೆ ಹೆಸರು ಕೊಟ್ಟ ಉಳಿದ ಕೆಲವು ಕಂಪನಿಗಳ ಗತಿಯೂ ಗಮನಾರ್ಹ. ಕಿಂಗ್‌ಫಿಷರ್ ಏರ್‌ಲೈನ್ಸ್ ವಿಮಾನಗಳು 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿದವು. 2007ರ ಬೆಂಗಳೂರು ಪಂದ್ಯಾವಳಿಗೆ ಹೆಸರು ಕೊಟ್ಟ ಸೋನಿ ಎರಿಕ್ಸನ್ ಕಂಪನಿಯನ್ನು 2012ರಲ್ಲಿ ಸೋನಿ ಪೂರ್ತಿಯಾಗಿ ಕೊಂಡು ಆ ಜೋಡಿ ಹೆಸರನ್ನು ಕೈಬಿಟ್ಟಿತು. ಚೆನ್ನೈ ಪಂದ್ಯಾವಳಿಗೆ 2010ರಿಂದ 2017ರವರೆಗೆ ಹೆಸರು ಕೊಟ್ಟ ಏರ್‌ಸೆಲ್ 2018ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ದೊಡ್ಡ ಹೆಸರು ಶಾಶ್ವತವಾದ ಆಸರೆಯೆಂದು ತಿಳಿಯುವುದು ಎಷ್ಟು ಅಪಾಯಕರ ಎಂಬುದಕ್ಕೆ ಇವೇ ಸಾಕ್ಷಿ.

ಪುಣೆಯವರೆಗೆ ಬಂದು ಹಾಂಗ್‌ಕಾಂಗಿಗೆ

ಚೆನ್ನೈ ಪಂದ್ಯಾವಳಿ ಉಳಿದವುಗಳಿಗಿಂತ ಗಟ್ಟಿಯಾಗಿತ್ತು ಎಂಬುದನ್ನು ಒಪ್ಪಬೇಕು. 2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿ ನಡೆದು ಐದಾರು ವಾರಗಳಾಗಿದ್ದರೂ 2009ರ ಜನವರಿಯಲ್ಲಿ ಅದು ನಡೆಯಿತು; ಸೋಮದೇವ್ ದೇವವರ್ಮನ್ ಅಂತಿಮ ಪಂದ್ಯವನ್ನು ತಲುಪಿದರು. 21 ವರ್ಷ ಚೆನ್ನೈಯಲ್ಲಿ ನಡೆದ ಅದನ್ನು 2018ರಲ್ಲಿ ಪುಣೆಯ ಬಾಲೇವಾಡಿಗೆ ಒಯ್ಯಲಾಯಿತು. ಪರವಾನಗಿ ಕ್ರೀಡಾ ವ್ಯವಹಾರದ ಕಂಪನಿಯಾದ ಐಎಂಜಿಯ ಕೈಯಲ್ಲಿತ್ತು. ಟಾಟಾ ಓಪನ್ ಮಹಾರಾಷ್ಟ್ರ ಎಂಬ ಹೆಸರಿನಲ್ಲಿ, ಕೋವಿಡ್‌ನಿಂದ 2021ರಲ್ಲಿ ಒಂದು ವರ್ಷ ತಪ್ಪಿ, 2023ರವರೆಗೆ ಐದು ಬಾರಿ ಅಲ್ಲಿ ನಡೆಯಿತು. ಕೊಡಗಿನ ರೋಹನ್ ಬೋಪಣ್ಣ ಚೆನ್ನೈಯ ಕೊನೆಯ ವರ್ಷದಲ್ಲಿಯೂ, ಪುಣೆಯಲ್ಲಿ 2019 ಮತ್ತು 2022ರಲ್ಲಿಯೂ ಡಬಲ್ಸ್ ಪ್ರಶಸ್ತಿ ಪಡೆದರು. 2024ರಲ್ಲಿ ಆ ಪರವಾನಗಿಯ ಜಾಗಕ್ಕೆ ಹಾಂಗ್‌ಕಾಂಗ್ ಬಂದಿತು. ಚಿಂಚಲಿ ನಿಲ್ದಾಣದಿಂದ ಮಿರಜ ಮಾರ್ಗವಾಗಿ ರೈಲು ಹತ್ತಿ ನೋಡಿ ಬರಬಹುದಾಗಿದ್ದ ಪಂದ್ಯಾವಳಿ ಸಮುದ್ರ ದಾಟಿತು.

ಹಾಗೆಂದು ಬೆಂಗಳೂರು ಬರಿಗೈಯಲ್ಲಿ ಕುಳಿತುಕೊಳ್ಳಲಿಲ್ಲ. ಚಾಲೆಂಜರ್ ಎಂಬ ಕೆಳಗಿನ ಹಂತದ ಪುರುಷರ ಪಂದ್ಯಾವಳಿಗಳನ್ನು ರಾಜ್ಯ ಸಂಸ್ಥೆ ಅದೇ ಕ್ರೀಡಾಂಗಣದಲ್ಲಿ ನಡೆಸತೊಡಗಿತು. 2017ರಲ್ಲಿ ಸುಮಿತ್ ನಾಗಲ್, 2018ರಲ್ಲಿ ಪ್ರಜ್ಞೇಶ್ ಗುಣೇಶ್ವರನ್ ಅಲ್ಲಿ ಗೆದ್ದರು. 2006ರಿಂದ 2008ರವರೆಗೆ ಸಿಂಗಲ್ಸ್ ಗೆದ್ದ ಮೂವರೂ ಹೊರದೇಶದವರಾಗಿದ್ದರೆ, ಖರ್ಚು ಕಡಿಮೆಯಿರುವ ಈ ಪಂದ್ಯಾವಳಿಗಳಲ್ಲಿ ನಮ್ಮ ಹುಡುಗರು ಅಂಕ ಗಳಿಸಿ ಮೇಲೇರಿದರು. 2023ರಲ್ಲಿ ಧಾರವಾಡ ಹಾಗೂ ಕಲಬುರಗಿಗಳಲ್ಲಿಯೂ 25,000 ಡಾಲರ್ ಬಹುಮಾನದ ಅಂತರರಾಷ್ಟ್ರೀಯ ಪಂದ್ಯಾವಳಿಗಳು ನಡೆದವು. ದೊಡ್ಡ ಅಂಗಡಿ ಮುಚ್ಚಿದ ಜಾಗದಲ್ಲಿ ಸಣ್ಣ ಅಂಗಡಿಗಳು ಬದುಕಿಕೊಂಡವು ಎನ್ನಬಹುದು.

ಯಾವುದು ಊರಿನದು?

ಈ ಎಲ್ಲ ಕಥೆಯಿಂದ ಏಳುವ ಪ್ರಶ್ನೆಯೆಂದರೆ, ಊರಿನ ಹೆಸರು ಹೊತ್ತ ವಸ್ತು ನಿಜವಾಗಿಯೂ ಊರಿನದೇ? ಬೆಂಗಳೂರು ಓಪನ್ ಹೆಸರಿನಲ್ಲಿ ಬೆಂಗಳೂರು ಇದ್ದಿತು, ಹಕ್ಕಿನಲ್ಲಿ ಇರಲಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ಅಂಗಳದಲ್ಲಿಯೇ ಇದೆ. ಅಥಣಿ, ನಿಪ್ಪಾಣಿಗಳ ಕುಶಲಕರ್ಮಿಗಳು ತಲೆಮಾರುಗಳಿಂದ ಮಾಡುತ್ತ ಬಂದ ಚಪ್ಪಲಿಗಳು ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದವು. 2019ರಲ್ಲಿ ಪ್ರಕಟವಾದ ಭೌಗೋಳಿಕ ಗುರುತಿನ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು. ಅಂದರೆ ಹೆಸರು ಕೊಲ್ಹಾಪುರದ್ದಾದರೂ ಹಕ್ಕಿನಲ್ಲಿ ಅಥಣಿಯ ಪಾಲು ಬರೆದಿಡಲ್ಪಟ್ಟಿದೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಇದೇ ಮಾದರಿಯ ಚಪ್ಪಲಿಯನ್ನು ಮೂಲ ಹೇಳದೆ ಮಿಲಾನಿನಲ್ಲಿ ಪ್ರದರ್ಶಿಸಿದಾಗ ಆಕ್ಷೇಪವೆದ್ದಿತು. ಕಂಪನಿಯು ಭಾರತೀಯ ಮೂಲವನ್ನು ಒಪ್ಪಿಕೊಂಡು, ಅದೇ ವರ್ಷದ ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಆ ಆಕ್ಷೇಪಕ್ಕೆ ಬಲ ಬಂದುದು ದಾಖಲೆಯಿಂದ.

ಟೆನಿಸ್ ಪರವಾನಗಿಯನ್ನು ಹಾಂಗ್‌ಕಾಂಗಿಗೆ ಒಯ್ಯಬಹುದು; ಕೊಲ್ಹಾಪುರಿ ಚಪ್ಪಲಿಯ ಮಾನ್ಯತೆಯನ್ನು ಈ ಎಂಟು ಜಿಲ್ಲೆಗಳ ಹೊರಗೆ ಒಯ್ಯಲಾಗದು. ಹೊಸ ಉದ್ಯಮ, ಹೊಸ ಪ್ರದರ್ಶನ, ಹೊಸ ಮೇಳ ನಮ್ಮ ತಾಲೂಕುಗಳಿಗೆ ಬಂದಾಗ ಸದಸ್ಯ ಬಾಂಧವರು ಸಂಭ್ರಮದಿಂದ ಸ್ವಾಗತಿಸಲಿ, ವ್ಯಾಪಾರವನ್ನೂ ಮಾಡಲಿ. ಆದರೆ ಸಾಲ ತೆಗೆದು ಗೋದಾಮು ಕಟ್ಟುವ ಮೊದಲು ಮೂರು ಮಾತುಗಳನ್ನು ಕೇಳಿಕೊಳ್ಳುವುದು ಒಳಿತು: ಇದರ ಪರವಾನಗಿ ಯಾರ ಹೆಸರಿನಲ್ಲಿದೆ, ಇದರ ಹಣ ಎಷ್ಟು ಜನರಿಂದ ಬರುತ್ತಿದೆ, ಇದು ಹೊರಟುಹೋದರೆ ನಮ್ಮ ಕೈಯಲ್ಲಿ ಉಳಿಯುವುದೇನು? ಬೆಂಗಳೂರಿಗೆ ಉಳಿದದ್ದು ಒಂದು ಒಳ್ಳೆಯ ಕ್ರೀಡಾಂಗಣ, ಆಟ ನಡೆಸಬಲ್ಲ ಅನುಭವಿ ಜನ. ಅದರ ಬಲದಿಂದಲೇ ಸಣ್ಣ ಪಂದ್ಯಾವಳಿಗಳು ಮತ್ತೆ ಚಿಗುರಿದವು. ನಮ್ಮ ವ್ಯವಹಾರಗಳಲ್ಲಿಯೂ ಅಷ್ಟು ಉಳಿಯುವಂತೆ ನೋಡಿಕೊಂಡರೆ, ಬಂದವರು ಹೋದರೂ ಪೇಟೆ ನಿಲ್ಲುವುದಿಲ್ಲ.